ಗೋಡೆ ನೋಡಿ ಗುರುತು, ಟ್ರಸ್‌ಗೆ ಕತ್ತರಿ: ಕಾರಟಗಿ ಕಡೆಯ ಒಂದು ಭತ್ತದ ಶೆಡ್ಡಿನ ಪ್ರಕರಣ

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ನಮ್ಮ ಸೋದರಮಾವ ಫೋನ್ ಮಾಡಿದರು. "ಅಳಿಯಾ, ಶೆಡ್ಡಿಂದು ಒಂದು ಟ್ರಸ್ ಬಾಗಿದಂಗ ಕಾಣಾಕತ್ತೈತಿ. ವೆಲ್ಡಿಂಗ್ ಮೇಸ್ತ್ರಿ ಏನೂ ಆಗಂಗಿಲ್ಲ ಅಂತಾನ. ನೀ ಒಂದ್ ಸಲ ಬಂದು ನೋಡು." ಟ್ರಸ್ ಅಂದರೆ ಮಾಡು ಹೊರಲು ಪೈಪುಗಳನ್ನು ತ್ರಿಕೋನವಾಗಿ ಬೆಸೆದ ಚೌಕಟ್ಟು.

ನಾನು ಗಂಗಾವತಿಯಲ್ಲಿ ಇಂಥ ಶೆಡ್ಡುಗಳ ಕೆಲಸವನ್ನೇ ಮಾಡುತ್ತೇನೆ. ಸಿವಿಲ್ ಡಿಪ್ಲೊಮಾ ಮುಗಿಸಿ ಹದಿನಾಲ್ಕು ವರ್ಷವಾಯಿತು. ಮಾವನ ಶೆಡ್ಡಿನ ಕೆಲಸ ಮಾತ್ರ ನನ್ನ ಕೈಯಲ್ಲಿ ಇರಲಿಲ್ಲ, ಅವರೇ ಊರಿನ ಹತ್ತಿರದ ಮೇಸ್ತ್ರಿಗೆ ಕೊಟ್ಟಿದ್ದರು. ಆ ಮೇಸ್ತ್ರಿಯ ವೆಲ್ಡಿಂಗ್ ಒಳ್ಳೆಯದು, ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಪ್ಪಿದ್ದು ವೆಲ್ಡಿಂಗ್‌ನಲ್ಲಿ ಅಲ್ಲ. ಅಳತೆಯನ್ನು ಎಲ್ಲಿಂದ ಹಿಡಿದರು ಅನ್ನುವುದರಲ್ಲಿ. ಇತ್ತೀಚೆಗೆ ಮೂರು ನಾಲ್ಕು ಜನ ಶೆಡ್ಡಿನ ಮಾಡಿನಲ್ಲಿ ಕಿಟಕಿ ಎಬ್ಬಿಸಬೇಕು ಅಂತ ನನ್ನ ಹತ್ತಿರ ಬಂದಿದ್ದಾರೆ, ಎಲ್ಲರೂ ಅದೇ ತಪ್ಪಿನ ಅಂಚಿನಲ್ಲೇ ನಿಂತಿದ್ದರು. ಅದಕ್ಕೇ ಈ ಕೆಲಸವನ್ನು ಮೊದಲಿಂದ ಕೊನೆತನಕ ಬರೆಯುತ್ತಿದ್ದೇನೆ.

ಶೆಡ್ ಇರುವುದು ಕಾರಟಗಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುವ ಗದ್ದೆಗಳ ನಡುವೆ. ಉದ್ದ 60 ಅಡಿ, ಪೂರ್ವ ಪಶ್ಚಿಮವಾಗಿ. ಅಗಲ 40 ಅಡಿ. ಕಂಬದ ಎತ್ತರ 14 ಅಡಿ. ಅರ್ಧ ಭಾಗದಲ್ಲಿ ಭತ್ತದ ಚೀಲ, ಇನ್ನರ್ಧದಲ್ಲಿ ಟ್ರ್ಯಾಕ್ಟರ್, ರೋಟವೇಟರ್, ಕೇಜ್‌ವೀಲ್, ಪೈಪು, ಗೊಬ್ಬರ. 12 ಅಡಿಗೊಂದು ಟ್ರಸ್, ಒಟ್ಟು ಆರು. ಅಂದರೆ ಐದು ಅಂಕಣ. ಮಾಡಿನ ಇಳಿಜಾರು ಮೂರಕ್ಕೆ ಒಂದು: 20 ಅಡಿ ಒಳಗೆ ಹೋದರೆ 6 ಅಡಿ 8 ಇಂಚು ಏರುತ್ತದೆ. ಡಿಗ್ರಿಯಲ್ಲಿ 18.4.

ಇಂಥ ಶೆಡ್ಡಿನ ಒಳಗೆ ಹಗಲಲ್ಲೂ ಕತ್ತಲೆ. ಬೇಸಿಗೆಯಲ್ಲಿ ತಗಡು ಕಾದರೆ ಒಳಗೆ ನಿಲ್ಲಲು ಆಗುವುದಿಲ್ಲ. ತಗಡಿನ ನಡುವೆ ಒಂದೆರಡು ಬಿಳಿ ಶೀಟ್ ಹಾಕಿದರೆ ಬೆಳಕು ಬರುತ್ತದೆ, ಬಿಸಿಲೂ ನೇರವಾಗಿ ಚೀಲದ ಮೇಲೆ ಬೀಳುತ್ತದೆ, ಶಾಖ ಮಾತ್ರ ಹೊರಗೆ ಹೋಗುವುದಿಲ್ಲ. ಮಾವನ ಮಗ ಫೋನಿನಲ್ಲಿ ಹೊರದೇಶದ ಮರದ ಶೆಡ್ಡುಗಳ ವಿಡಿಯೊ ತೋರಿಸಿದ್ದ. ಮಾಡಿನ ಇಳಿಜಾರಿನಲ್ಲೇ ಪುಟ್ಟ ಮನೆಯಂತೆ ಎದ್ದು ನಿಂತ ಕಿಟಕಿ. ಅದಕ್ಕೆ ಡಾರ್ಮರ್ ಅನ್ನುತ್ತಾರೆ. ಮಾವ ನೋಡಿದ ಕೂಡಲೇ "ಇದು ನಮ್ಮ ಬೆಳಕಿಂಡಿನೇ ಅಲ್ಲೇನು" ಅಂದರಂತೆ. ಮಾತು ಸರಿ. ಮಾಳಿಗೆ ಮನೆಯಲ್ಲಿ ಅಡುಗೆಮನೆಯ ಹೊಗೆ ಹೋಗಲು, ನಡುಮನೆಗೆ ಬೆಳಕು ಬರಲು ಬಿಡುತ್ತಿದ್ದ ಕಿಂಡಿಯ ಕೆಲಸವನ್ನೇ ಇದೂ ಮಾಡುವುದು. ನಾನೂ ಇಲ್ಲಿ ಅದೇ ಹೆಸರಿನಿಂದ ಕರೆಯುತ್ತೇನೆ.

ಹೋಗಿ ನೋಡಿದಾಗ

ಆರೂ ಟ್ರಸ್ ನಿಂತಿದ್ದವು, ತಗಡು ಹೊರಲು ಟ್ರಸ್‌ನಿಂದ ಟ್ರಸ್‌ಗೆ ಹಾಯುವ ಅಡ್ಡ ಪೈಪುಗಳು, ಅಂದರೆ ಪರ್ಲಿನ್, ಕೂತಿದ್ದವು, ತಗಡು ಇನ್ನೂ ಏರಿರಲಿಲ್ಲ. ಪಶ್ಚಿಮದಿಂದ ಎರಡನೇ ಟ್ರಸ್, ಅಂದರೆ 12 ಅಡಿಯಲ್ಲಿ ಇರುವುದು, ಬಡಗಣ ಮಗ್ಗುಲಿಗೆ ಕಣ್ಣಿಗೆ ಕಾಣುವಷ್ಟು ಕುಸಿದಿತ್ತು. ದಾರ ಕಟ್ಟಿ ಅಳೆದೆ, ಒಂದೂಮುಕ್ಕಾಲು ಇಂಚು.

ಕಾರಟಗಿ ಕಡೆ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರುಕು ಬಿಡುತ್ತದೆ. ಹೀಗೆ ಏನಾದರೂ ಬಾಗಿದರೆ ಎಲ್ಲರ ಬಾಯಲ್ಲಿ ಮೊದಲು ಬರುವುದು ಬುನಾದಿ ಕುಸಿದಿದೆ ಅನ್ನುವ ಮಾತು. ಅಲ್ಲೂ ಹಾಗೇ ಆಗಿತ್ತು. ಕಂಬದ ಬುಡ ಅಗೆಯಲು ಆಳು ಕೂಡ ಬಂದಿದ್ದರು. ತಡೆದು, ನೀರು ತುಂಬಿದ ಟ್ಯೂಬ್ ಲೆವೆಲ್ ಹಿಡಿದು ಹನ್ನೆರಡೂ ಕಂಬಗಳ ತಲೆ ನೋಡಿದೆ. ಎಲ್ಲ ಒಂದೇ ಮಟ್ಟ. ಬುನಾದಿಯ ಮಾತು ಅಲ್ಲಿಗೆ ಮುಗಿಯಿತು.

ಆಮೇಲೆ ಏಣಿ ಹತ್ತಿದೆ. ಟ್ರಸ್‌ನ ಮೇಲಿನ ಓರೆ ಪೈಪಿನಲ್ಲಿ ನಾಲ್ಕು ಅಡಿಯ ತುಂಡು ಇರಲೇ ಇಲ್ಲ! ಗ್ರೈಂಡರ್‌ನಿಂದ ನೀಟಾಗಿ ಕತ್ತರಿಸಿ ತೆಗೆದಿದ್ದರು. ಆಚೆ 48 ಅಡಿಯ ಟ್ರಸ್‌ಗೂ ಸೀಮೆಸುಣ್ಣದ ಗುರುತು ಬಿದ್ದಿತ್ತು, ಅದನ್ನು ಮಾರನೇ ದಿನ ಕತ್ತರಿಸುವವರಿದ್ದರು.

ಲೆಕ್ಕ ಹೀಗೆ ಆಗಿತ್ತು. ಎರಡು ಬೆಳಕಿಂಡಿ, ಒಂದೊಂದು 8 ಅಡಿ ಅಗಲ. ಹೊರಗಿನಿಂದ ಚೆಂದ ಕಾಣಬೇಕು ಅಂತ 60 ಅಡಿ ಗೋಡೆಯನ್ನು ನಾಲ್ಕು ಪಾಲು ಮಾಡಿ, ಎರಡೂ ತುದಿಯಿಂದ 15 ಅಡಿಗೆ ನಡುಗುರುತು ಹಾಕಿದರು. ನಡು 15 ಅಡಿಗೆ ಬಂದರೆ ಅಂಚುಗಳು 11 ಮತ್ತು 19ಕ್ಕೆ ಬರುತ್ತವೆ. ಟ್ರಸ್ ಇರುವುದು 12ಕ್ಕೆ. ಕಿಂಡಿಯ ಒಳಗೆ ಒಂದು ಅಡಿ ಬಂದು ನಿಂತಿತು. ಅಡ್ಡ ಬಂದಿದ್ದನ್ನು ಕತ್ತರಿಸಿದರು. ಆಚೆ ತುದಿಯಲ್ಲೂ ಇದೇ ಕಥೆ.

ಮೇಸ್ತ್ರಿ ಹೇಳಿದ್ದು: "ಸರ್, ವಿಡಿಯೊದಾಗ ಅವರೂ ಕಟ್ ಮಾಡ್ತಾರಲ್ರೀ. ಕಟ್ ಮಾಡಿ ಆಜೂಬಾಜು ಡಬಲ್ ಹಾಕ್ತಾರ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಮೆರಿಕದ ಮರದ ಶೆಡ್ಡುಗಳಲ್ಲಿ ಮಾಡಿನ ಓರೆ ತೊಲೆಗಳು 16 ಇಂಚಿಗೋ 24 ಇಂಚಿಗೋ ಒಂದರಂತೆ ಒತ್ತೊತ್ತಾಗಿ ಇರುತ್ತವೆ. ಒಂದೊಂದರ ಮೇಲೆ ಬೀಳುವ ಭಾರ ಸಣ್ಣದು. ಅವುಗಳಲ್ಲಿ ಎರಡು ಮೂರನ್ನು ಕತ್ತರಿಸಿ, ಕತ್ತರಿಸಿದ ತುದಿಗಳಿಗೆ ಮೇಲೂ ಕೆಳಗೂ ಅಡ್ಡ ಮರ ಕೊಟ್ಟು, ಪಕ್ಕದ ತೊಲೆಗಳನ್ನು ಜೋಡಿ ಮಾಡಿದರೆ ಭಾರ ಅತ್ತಿತ್ತ ಹಂಚಿಹೋಗುತ್ತದೆ. ಅಲ್ಲಿ ಅದು ಸರಿಯಾದ ಪದ್ಧತಿ. ನಮ್ಮಲ್ಲಿ 12 ಅಡಿಗೆ ಒಂದೇ ಟ್ರಸ್. 12 ಅಡಿ ಅಗಲ, 40 ಅಡಿ ಉದ್ದ, ಅಂದರೆ 480 ಚದರ ಅಡಿ ಮಾಡಿನ ಭಾರ ಪೂರ್ತಿ ಆ ಒಂದರ ಮೇಲೆ.

ಎಷ್ಟು ಭಾರ? ಕಟ್ಟಡಗಳ ಮೇಲೆ ಬೀಳುವ ಹೊರೆಯ ಭಾರತೀಯ ಮಾನದಂಡ ಐಎಸ್ 875ರ ಎರಡನೇ ಭಾಗದ ಪ್ರಕಾರ ಜನ ಓಡಾಡದ ಮಾಡಿಗೆ 10 ಡಿಗ್ರಿ ಇಳಿಜಾರಿನ ತನಕ ಚದರ ಮೀಟರಿಗೆ 0.75 ಕಿಲೋನ್ಯೂಟನ್ ಹಿಡಿಯಬೇಕು, ಅಲ್ಲಿಂದ ಮೇಲೆ ಪ್ರತಿ ಡಿಗ್ರಿಗೆ 0.02 ಕಡಿಮೆ ಮಾಡುತ್ತಾ ಹೋಗಬಹುದು. ನಮ್ಮ ಇಳಿಜಾರಿಗೆ 0.58 ಬರುತ್ತದೆ. ನಮ್ಮ ಅಳತೆಯಲ್ಲಿ ಚದರ ಅಡಿಗೆ ಐದೂವರೆ ಕೆ.ಜಿ. ತಗಡು, ಪರ್ಲಿನ್‌ಗಳ ಸ್ವಂತ ತೂಕ ಒಂದು ಕೆ.ಜಿ. ಸೇರಿಸಿದರೆ ಆರೂವರೆ. 480 ಚದರ ಅಡಿಗೆ ಮೂರು ಟನ್ನಿಗೂ ಮೇಲೆ. ಟ್ರಸ್‌ನಲ್ಲಿ ಈ ಭಾರ ಕೆಳಗಿನ ಪೈಪಿಗೆ ಎಳೆತವಾಗಿ, ಮೇಲಿನ ಓರೆ ಪೈಪಿಗೆ ಒತ್ತಡವಾಗಿ ಹೋಗುತ್ತದೆ. ಅವರು ಕತ್ತರಿಸಿ ತೆಗೆದ ಆ ನಾಲ್ಕು ಅಡಿ ತುಂಡಿನಲ್ಲಿ ಪೂರ್ತಿ ಹೊರೆ ಬಿದ್ದಾಗ ಇರಬೇಕಾದ ಒತ್ತಡ ಸುಮಾರು ಮೂರೂವರೆ ಟನ್. ಅಂಥದ್ದನ್ನು ತೆಗೆದು ಪಕ್ಕದ ಪರ್ಲಿನ್ ಡಬಲ್ ಮಾಡಿದರೆ ಏನಾಗುತ್ತದೆ? ಪರ್ಲಿನ್ ಇರುವುದು ತಗಡು ಹೊರಲು. ಟ್ರಸ್‌ನ ಕೆಲಸ ಅದರಿಂದ ಆಗುವುದಿಲ್ಲ.

ಹಾಗಾದರೆ ಟ್ರಸ್ ಪೂರ್ತಿ ಬೀಳಲಿಲ್ಲ ಯಾಕೆ? ತಗಡು ಇನ್ನೂ ಇರಲಿಲ್ಲ, ಪರ್ಲಿನ್‌ಗಳು ಪಕ್ಕದ ಟ್ರಸ್‌ಗಳಿಗೆ ಬೆಸೆದುಕೊಂಡು ಅದನ್ನು ಹಿಡಿದುಕೊಂಡಿದ್ದವು, ಕೆಳಗಿನ ಪೈಪು ತನ್ನದಲ್ಲದ ಕೆಲಸ ಮಾಡುತ್ತಿತ್ತು. ನಾಲ್ಕು ಜನ ತಗಡು ಹೊತ್ತು ಮೇಲೆ ಹತ್ತಿದ್ದರೆ ಗತಿ ಬೇರೆ ಆಗುತ್ತಿತ್ತು. ಮೇಲಿದ್ದ ಹುಡುಗನನ್ನು ಕೂಡಲೇ ಇಳಿಸಿದೆ, ಕೆಳಗೆ ನೆರಳಿಗೆ ಅಂತ ಕೂತಿದ್ದವರನ್ನೂ ಎಬ್ಬಿಸಿ ಹೊರಗೆ ಕಳಿಸಿದೆ.

ಮಾವನಿಗೆ ಟನ್ನಿನ ಲೆಕ್ಕ ಹೇಳಲಿಲ್ಲ. ಅವರ ಹಳೇ ಮನೆಯ ಮಾಳಿಗೆ ನೆನಪಿಸಿದೆ. "ಮಾವ, ನಿಮ್ಮ ಅಡುಗೆಮನೆ ಬೆಳಕಿಂಡಿ ತೊಲಿ ಕಡಿದು ಇಟ್ಟಾರೇನು?"

"ಹುಚ್ಚೇನು ನಿನಗ. ತೊಲಿ ಯಾರು ಕಡೀತಾರ. ಎರಡು ಜಂತಿ ನಡುವ ಇಟ್ಟಾರ."

"ಇಲ್ಲಿ ಟ್ರಸ್ ಅಂದ್ರ ತೊಲಿ. ಪರ್ಲಿನ್ ಅಂದ್ರ ಜಂತಿ."

ಅವರು ಸ್ವಲ್ಪ ಹೊತ್ತು ಮೇಲೆ ನೋಡುತ್ತಾ ನಿಂತರು. ಮೇಸ್ತ್ರಿಗೂ ಅರ್ಥವಾಯಿತು. ಆಮೇಲೆ ಆತನೇ ಹೋಗಿ 48 ಅಡಿಯ ಟ್ರಸ್‌ನ ಸೀಮೆಸುಣ್ಣ ಒರೆಸಿ ಬಂದ. ಕೆಲಸ ಅವನ ಕೈಯಿಂದ ಬಿಡಿಸಲಿಲ್ಲ, ಅವನೇ ಮುಂದುವರಿಸಿದ, ನಾನು ಅಳತೆ ನೋಡಿಕೊಂಡೆ.

ಮೊದಲು ಟ್ರಸ್, ಆಮೇಲೆ ಬೆಳಕಿಂಡಿ

ಕುಸಿದ ಟ್ರಸ್ ಎತ್ತಲು ಎರಡು ಲಾರಿ ಜಾಕಿ ತಂದೆವು. ನೆಲದಲ್ಲಿ ಬರೀ ಮೊರಂ ತುಂಬಿತ್ತು, ಕಾಂಕ್ರೀಟ್ ಆಗಿರಲಿಲ್ಲ. ಹಾಗಾಗಿ ಜಾಕಿಯ ಕೆಳಗೆ ದಪ್ಪ ಹಲಗೆಗಳನ್ನು ಎರಡು ಸಾಲಾಗಿ, ಒಂದರ ಮೇಲೊಂದು ಅಡ್ಡಡ್ಡ ಹಾಸಿದೆವು, ಇಲ್ಲದಿದ್ದರೆ ಟ್ರಸ್ ಏಳುವ ಬದಲು ಜಾಕಿಯೇ ನೆಲಕ್ಕೆ ಇಳಿಯುತ್ತದೆ. ಜಾಕಿಯ ಮೇಲೆ ಪೈಪಿನ ಊರುಗಂಬ. ಊರುಗಂಬದ ತಲೆ ಕೆಳ ಪೈಪಿನ ಎಲ್ಲೆಂದರಲ್ಲಿ ಕೂರಬಾರದು, ಅಡ್ಡ ಪೈಪುಗಳು ಬಂದು ಸೇರುವ ಗಂಟಿನ ಕೆಳಗೇ ಕೂರಬೇಕು. ಒಂದು ಸಲಕ್ಕೆ ಕಾಲಿಂಚು ಎತ್ತುವುದು, ದಾರ ನೋಡುವುದು, ಪರ್ಲಿನ್‌ಗಳ ಬೆಸುಗೆ ಎಲ್ಲಾದರೂ ಬಿರಿಯಿತಾ ಅಂತ ಸುತ್ತಿ ನೋಡುವುದು. ಬೆಳಗ್ಗೆ ಏಳಕ್ಕೆ ಹಿಡಿದದ್ದು ಹನ್ನೊಂದಕ್ಕೆ ಮಟ್ಟಕ್ಕೆ ಬಂತು. ಮೂರು ಪರ್ಲಿನ್ ಬೆಸುಗೆ ಬಿರಿದಿದ್ದವು, ಅವನ್ನು ಆಮೇಲೆ ಉಜ್ಜಿ ಹೊಸದಾಗಿ ಹಾಕಿದೆವು.

ತೆಗೆದ ತುಂಡನ್ನು ಹಾಗೇ ವಾಪಸ್ ಇಡಲು ಬರುವುದಿಲ್ಲ, ಗ್ರೈಂಡರ್ ಬಾಯಿ ತಿಂದಿರುತ್ತದೆ, ಎರಡೂ ಕಡೆ ಸಂದು ಉಳಿಯುತ್ತದೆ. ಅದೇ ಅಳತೆಯ, 72ಕ್ಕೆ 72, 4 ಮಿ.ಮೀ. ದಪ್ಪದ ಹೊಸ ಪೈಪಿನ ತುಂಡು ಬಿಗಿಯಾಗಿ ಕೂರುವಂತೆ ಕತ್ತರಿಸಿ, ಸುತ್ತ ಬೆಸೆದು, ಎರಡೂ ಕೂಡುವ ಜಾಗಕ್ಕೆ ನಾಲ್ಕು ಮಗ್ಗುಲಿಗೂ 6 ಮಿ.ಮೀ. ಪಟ್ಟಿ ಹೊದಿಸಿದೆವು. ಬೆಸುಗೆ ಒಂದೇ ಕಡೆ ಎಳೆಯಲಿಲ್ಲ. ಈ ಮಗ್ಗುಲು ಸ್ವಲ್ಪ, ಆ ಮಗ್ಗುಲು ಸ್ವಲ್ಪ, ನಡುವೆ ಆರಲು ಬಿಟ್ಟು. ಒಂದೇ ಕಡೆ ಕಾಯಿಸಿದರೆ ಪೈಪು ಅತ್ತ ತಿರುಚಿಕೊಳ್ಳುತ್ತದೆ, ಒತ್ತಡ ಹೊರುವ ಪೈಪು ನೇರ ಇಲ್ಲದಿದ್ದರೆ ಅದರ ಶಕ್ತಿ ಅರ್ಧ ಹೋದಂತೆ. ಜಾಕಿಗಳನ್ನು ಮಾರನೇ ದಿನ ಇಳಿಸಿದೆವು. ದಾರ ಹಾಗೇ ನಿಂತಿತು. ಅದಾದ ಮೇಲೆಯೇ ಬೆಳಕಿಂಡಿಯ ಮಾತು ತೆಗೆದದ್ದು.

ಎಲ್ಲಿ, ಎಷ್ಟು ಅಗಲ, ಯಾವ ಆಕಾರ

ನಮ್ಮ ಕಡೆ ಮನೆಯನ್ನು ಅಂಕಣದ ಲೆಕ್ಕದಲ್ಲಿ ಹೇಳುತ್ತೇವಲ್ಲ, ಶೆಡ್ಡಿಗೂ ಅದೇ ಲೆಕ್ಕ ಹಿಡಿದರೆ ಅರ್ಧ ತೊಂದರೆ ಬರುವುದೇ ಇಲ್ಲ. ಐದು ಅಂಕಣದಲ್ಲಿ ಎರಡನೆಯದು, ನಾಲ್ಕನೆಯದು. 12ರಿಂದ 24, 36ರಿಂದ 48. ಎರಡೂ ತುದಿಯಿಂದ ಒಂದೇ ದೂರ, ನೋಡಲೂ ಸರಿಸಮ. ಚೆಂದಕ್ಕಾಗಿ ನಾಲ್ಕು ಪಾಲು ಮಾಡಬೇಕಾಗಿಯೇ ಇರಲಿಲ್ಲ.

8 ಅಡಿ ಅಗಲವನ್ನೇ ಇಟ್ಟುಕೊಂಡು ಅಂಕಣದ ನಡುವೆ ಕೂರಿಸಬಹುದಿತ್ತು. ಆಗ ಟ್ರಸ್ ಉಳಿಯುತ್ತದೆ, ಪರ್ಲಿನ್‌ಗಳು ಮಾತ್ರ ತುಂಡಾಗುತ್ತವೆ. ತುಂಡಾದ ತುದಿಗಳಿಗೆ ಎರಡೂ ಪಕ್ಕ ಓರೆ ಪೈಪು, ಆ ಓರೆ ಪೈಪುಗಳನ್ನು ಹಿಡಿಯಲು ಮೇಲೆ ಕೆಳಗೆ ಜೋಡಿ ಪರ್ಲಿನ್. ಆಗುತ್ತದೆ. ಆದರೆ ನನಗೆ ಅದಕ್ಕಿಂತ ಸರಳವಾದದ್ದು ಕಂಡಿತು: ಅಂಕಣವನ್ನು ಪೂರ್ತಿ ತೆಗೆದುಕೊಳ್ಳುವುದು. 12 ಅಡಿ ಅಗಲ. ಬೆಳಕಿಂಡಿಯ ಎರಡೂ ಪಕ್ಕದ ಗೋಡೆ ನೇರ ಟ್ರಸ್ ಮೇಲೆಯೇ ನಿಲ್ಲುತ್ತದೆ. ಭಾರ ಸುತ್ತಿ ಬಳಸಿ ಬರಬೇಕಾಗಿಲ್ಲ. ಬೆಳಕೂ ಒಂದೂವರೆ ಪಟ್ಟು.

ಆಕಾರದ ವಿಷಯಕ್ಕೆ ಮಾತ್ರ ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ಮಾವನ ಮಗನಿಗೆ ಮುಂದೆ ತ್ರಿಕೋನ ಇರುವ, ಎರಡು ಕಡೆ ಇಳಿಜಾರಿನ ಬೆಳಕಿಂಡಿ ಬೇಕು. ವಿಡಿಯೊದಲ್ಲಿ ಇದ್ದದ್ದು ಅದೇ. ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಎರಡು ಮಾಡು ಒಂದಕ್ಕೊಂದು ಸೇರುವ ಕಡೆ ಕೊರಕಲಿನಂಥ ಮಡಿಕೆ ಬೀಳುತ್ತದೆ, ವ್ಯಾಲಿ ಅನ್ನುತ್ತಾರೆ. ಎರಡೂ ಮಾಡಿನ ನೀರು ಬಂದು ಬೀಳುವುದು ಅದರೊಳಗೇ. ಮತ್ತೆ ಆ ಮಡಿಕೆಯ ಇಳಿಜಾರು ಯಾವಾಗಲೂ ಮಾಡಿನ ಇಳಿಜಾರಿಗಿಂತ ಕಡಿಮೆ. ಮೊದಲು ಹಾಕಿದ್ದ 8 ಅಡಿ ಅಗಲದ ಅಳತೆಯಲ್ಲೇ ಲೆಕ್ಕ ಹಾಕಿ ತೋರಿಸಿದೆ: ವ್ಯಾಲಿ ನೆಲದ ಮೇಲಿನ ಅಳತೆಯಲ್ಲಿ 4 ಅಡಿ ಹಿಂದಕ್ಕೆ, 4 ಅಡಿ ಪಕ್ಕಕ್ಕೆ ಹೋಗುತ್ತದೆ, ಅಂದರೆ ಮೂಲೆಯಿಂದ ಮೂಲೆಗೆ 5 ಅಡಿ 8 ಇಂಚು. ಅಷ್ಟರಲ್ಲಿ ಏರುವುದು ಬರೀ 1 ಅಡಿ 4 ಇಂಚು. ಮಾಡು 18.4 ಡಿಗ್ರಿ ಇದ್ದರೆ ವ್ಯಾಲಿ 13.3 ಡಿಗ್ರಿ. ನೀರು ಜಾಸ್ತಿ, ಓಟ ನಿಧಾನ.

ಇದರ ಜೊತೆಗೆ ನಮ್ಮ ಊರಿನ ಧೂಳು, ಒಕ್ಕಲಿನ ಹೊಟ್ಟು. ಸುತ್ತ ಕಣ, ಭತ್ತ ಕೊಯ್ಯುವ ಮಷಿನ್‌ಗಳ ಓಡಾಟ. ಒಂದು ಸುಗ್ಗಿ ಕಳೆದರೆ ವ್ಯಾಲಿಯಲ್ಲಿ ಎರಡು ಬೆರಳು ದಪ್ಪ ಹೊಟ್ಟು ಕೂರುತ್ತದೆ. ಹುಡುಗ ಒಪ್ಪಲಿಲ್ಲ. ಒಂದು ತಗಡನ್ನು ವ್ಯಾಲಿಯಂತೆ ಮಡಿಚಿ, ಅದೇ ಇಳಿಜಾರಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿ, ಒಳಗೆ ಒಂದು ಬೊಗಸೆ ಹೊಟ್ಟು ಹಾಕಿ, ಎರಡು ಕೊಡ ನೀರು ಎರಡೂ ಕಡೆಯಿಂದ ಸುರಿಯಲು ಅವನಿಗೇ ಹೇಳಿದೆ. ಹೊಟ್ಟು ಕೆಳಗೆ ಬಂದು ಒಡ್ಡಿನಂತೆ ನಿಂತಿತು. ನೀರು ಅದರ ಹಿಂದೆ ಏರಿ ತಗಡಿನ ಅಂಚು ದಾಟಿ ಹೊರಗೆ ಚೆಲ್ಲಿತು. ಆ ಅಂಚಿನ ಆಚೆ ಇರುವುದು ನಮ್ಮ ಚೀಲಗಳು. ಅವನು ಕೊಡ ಕೆಳಗಿಟ್ಟು "ಹಂಗಾರ ಒಂದ್ ಕಡೆ ಇಳಿಜಾರೇ ಇರಲಿ ಅಣ್ಣ" ಅಂದ.

ಒಂದೇ ಕಡೆ ಇಳಿಜಾರಿನ ಬೆಳಕಿಂಡಿಗೆ ವ್ಯಾಲಿ ಇಲ್ಲ. ಅದರ ಮಾಡನ್ನು ನೇರ ನೆತ್ತಿಯಿಂದಲೇ ಶುರು ಮಾಡಿದರೆ ನಡುವೆ ಯಾವ ಕೂಡುವಿಕೆಯೂ ಇರುವುದಿಲ್ಲ. ನೆತ್ತಿಯ ಕ್ಯಾಪ್, ಅಂದರೆ ನೆತ್ತಿ ಮುಚ್ಚುವ ಬಾಗಿದ ತಗಡು, ಅದರ ಕೆಳಗಿನಿಂದ ಹೊರಟ ತಗಡು ಒಂದೇ ತುಂಡಾಗಿ ಮುಂದಿನ ಸೂರಿನ ತನಕ ಬರುತ್ತದೆ.

ಅಳತೆ ಕೂಡ ಕೈಗೆ ಚೆನ್ನಾಗಿ ಕೂತಿತು. ಟ್ರಸ್‌ನ ಗಂಟುಗಳು 4 ಅಡಿಗೊಂದು ಇವೆ. ಬೆಳಕಿಂಡಿಯ ಮುಖವನ್ನು ಗೋಡೆಯಿಂದ 8 ಅಡಿ ಒಳಗಿನ ಗಂಟಿನ ಮೇಲೆ ಇಟ್ಟೆವು. ಅಲ್ಲಿಂದ ನೆತ್ತಿಗೆ 12 ಅಡಿ, ದೊಡ್ಡ ಮಾಡು ಅಷ್ಟರಲ್ಲಿ 4 ಅಡಿ ಇಳಿದಿರುತ್ತದೆ. ಬೆಳಕಿಂಡಿಯ ಇಳಿಜಾರು ಆರಕ್ಕೆ ಒಂದು ಹಿಡಿದರೆ ಅದು 2 ಅಡಿ ಮಾತ್ರ ಇಳಿಯುತ್ತದೆ. ಉಳಿದ 2 ಅಡಿಯೇ ಮುಖದ ಎತ್ತರ. ಅಲ್ಲಿಂದ ಹಿಂದಕ್ಕೆ ಪ್ರತಿ ಗಂಟಿನ ಮೇಲೂ ಒಂದು ಗಿಡ್ಡಗಂಬ: ಮೊದಲನೆಯದು 2 ಅಡಿ, ಆಮೇಲೆ 1 ಅಡಿ 4 ಇಂಚು, ಆಮೇಲೆ 8 ಇಂಚು, ನೆತ್ತಿಯಲ್ಲಿ ಸೊನ್ನೆ. ಪ್ರತಿ ಸಲ 8 ಇಂಚು ಕಡಿಮೆ. ಮೇಸ್ತ್ರಿ ಎಲ್ಲ ಗಿಡ್ಡಗಂಬಗಳನ್ನೂ ನೆಲದ ಮೇಲೇ ಕತ್ತರಿಸಿ ಗುಂಪು ಮಾಡಿ ಇಟ್ಟುಕೊಂಡ. ಮೇಲೆ ಹೋಗಿ ಅಳೆದು ಅಳೆದು ಕತ್ತರಿಸುವ ಕೆಲಸವೇ ಉಳಿಯಲಿಲ್ಲ.

ಚೌಕಟ್ಟು

ಗಿಡ್ಡಗಂಬಗಳ ತಲೆಯ ಮೇಲೆ ನೆತ್ತಿಯಿಂದ ಮುಂದಕ್ಕೆ ಓರೆ ಪೈಪು, ಒಂದೂವರೆ ಅಡಿ ಸೂರು ಹೊರಗೆ ಬಿಟ್ಟು. ಎರಡೂ ಓರೆ ಪೈಪುಗಳ ನಡುವೆ 12 ಅಡಿಯ ಹೊಸ ಪರ್ಲಿನ್ ನಾಲ್ಕು. ಮುಖದ ಕೆಳಗೆ ಮೇಲೆ ಒಂದೊಂದು ಅಡ್ಡ ಪೈಪು. ಗಿಡ್ಡಗಂಬ ನಿಲ್ಲಿಸುವಾಗ ರಸಮಟ್ಟ ಎರಡು ಮಗ್ಗುಲಿಗೂ ಹಿಡಿಯಿರಿ. ಓರೆ ಪೈಪಿನ ಮೇಲೆ ನಿಲ್ಲಿಸುವುದರಿಂದ ಕಣ್ಣು ಮೋಸ ಮಾಡುತ್ತದೆ, ಹಿಂದಕ್ಕೆ ವಾಲಿದ್ದೇ ನೇರ ಅನಿಸುತ್ತದೆ. ಎರಡೂ ಬೆಳಕಿಂಡಿಗೆ ಸೇರಿ 350 ಕೆ.ಜಿ. ಹತ್ತಿರ ಉಕ್ಕು ಹೋಯಿತು.

ಇಲ್ಲಿ ಒಂದು ವಿಷಯ ಮರೆಯಬಾರದು. ಆ ಅಂಕಣದ ಹಳೇ ಪರ್ಲಿನ್‌ಗಳು ಬೆಳಕಿಗೆ ಅಡ್ಡ ಬರುತ್ತವೆ, ಎಲ್ಲ ತೆಗೆದುಬಿಡೋಣ ಅಂದ ಮೇಸ್ತ್ರಿ. ಬೇಡ ಅಂದೆ. ಪರ್ಲಿನ್ ಬರೀ ತಗಡು ಹೊರುವುದಿಲ್ಲ, ಒತ್ತಡದಲ್ಲಿರುವ ಟ್ರಸ್‌ನ ಮೇಲಿನ ಪೈಪು ಪಕ್ಕಕ್ಕೆ ಬಳುಕದಂತೆ ಹಿಡಿದಿರುವುದೂ ಅದೇ. ಒಂದು ಬಿಟ್ಟು ಒಂದು ಉಳಿಸಿಕೊಂಡು ಬಿಳಿ ಬಣ್ಣ ಹೊಡೆದೆವು. ಕೆಳಗಿನಿಂದ ನೋಡಿದರೆ ಬೆಳಕಿನಲ್ಲಿ ಎರಡು ತೆಳ್ಳನೆ ಗೆರೆ ಅಷ್ಟೇ.

ಗಾಳಿಯ ಮಾತು. ಮೇ ತಿಂಗಳಲ್ಲಿ ಸಂಜೆ ಹೊತ್ತಿಗೆ ಏಳುವ ಧೂಳುಗಾಳಿ ಗೊತ್ತಲ್ಲ, ಕರೆಂಟ್ ಕಂಬ ಉರುಳಿಸುವಂಥದ್ದು. ತಗಡಿನ ಶೆಡ್ಡಿಗೆ ಮೇಲಿಂದ ಬೀಳುವ ಭಾರಕ್ಕಿಂತ ಗಾಳಿ ಎತ್ತುವ ಭಾರವೇ ಜಾಸ್ತಿ ಅಪಾಯ. ಐಎಸ್ 875ರ ಮೂರನೇ ಭಾಗ ಗಾಳಿಯದ್ದು. ಅದರಲ್ಲಿ ಕಟ್ಟಡದ ಒಳಗಿನ ಗಾಳಿಯ ಒತ್ತಡಕ್ಕೆ ಬೇರೆ ಲೆಕ್ಕವಿದೆ: ಕಿಂಡಿ ಬಾಗಿಲು ಗೋಡೆಯ ಶೇ 5ರೊಳಗೆ ಇದ್ದರೆ ಒತ್ತಡದ ಗುಣಾಂಕ 0.2, 5ರಿಂದ 20ರ ತನಕ 0.5, ಅದಕ್ಕೂ ಮೇಲಿದ್ದರೆ 0.7. ಬೆಳಕಿಂಡಿ ಇಟ್ಟರೆ ಶೆಡ್ಡಿಗೆ ಇನ್ನೊಂದು ಬಾಯಿ ತೆರೆದಂತೆ, ದೊಡ್ಡ ಷಟರ್ ಕೂಡ ತೆರೆದಿದ್ದಾಗ ಗಾಳಿ ಒಳಗೆ ನುಗ್ಗಿ ತಗಡನ್ನು ಒಳಗಿನಿಂದ ತಳ್ಳುತ್ತದೆ, ಹೊರಗಿನಿಂದ ಅದೇ ಗಾಳಿ ಎಳೆಯುತ್ತದೆ. ಅದಕ್ಕೇ ಗಿಡ್ಡಗಂಬಗಳಿಗೆ ಬರೀ ಬುಡದ ಬೆಸುಗೆ ಸಾಕು ಅನ್ನಲಿಲ್ಲ, ಪ್ರತಿಯೊಂದಕ್ಕೂ ತ್ರಿಕೋನದ ಪಟ್ಟಿ ಕೊಟ್ಟೆವು. ಸೂರಿನ ಸಾಲಿನಲ್ಲಿ ತಗಡಿನ ಪ್ರತಿ ಏಣಿಗೂ, ಅಂದರೆ ಉಬ್ಬಿದ ಗೆರೆಗೂ, ಒಂದು ಸ್ಕ್ರೂ, ರಬ್ಬರ್ ವಾಷರ್ ಸಮೇತ.

ತಗಡು, ಮಡಿಕೆ ಪಟ್ಟಿ

ಮುಖದ ಕೆಳಗೆ ದೊಡ್ಡ ಮಾಡಿನ ತಗಡು ಮುಂದುವರಿಯುತ್ತದಲ್ಲ, ಅಲ್ಲಿ ಮುಖದ ಬುಡದಿಂದ ಹೊರಟು ತಗಡಿನ ಮೇಲೆ 8 ಇಂಚು ಹಾಸುವ ಪಟ್ಟಿ. ಪಕ್ಕದ ಗೋಡೆಗೆ 6 ಇಂಚು ಮೇಲೇರಿ, ಆಚೆ ತಗಡಿನ ಎರಡು ಏಣು ದಾಟುವ ಪಟ್ಟಿ. ಯಾವಾಗಲೂ ಮೇಲಿನದು ಕೆಳಗಿನದರ ಮೇಲೆ ಬರಬೇಕು, ಮೀನಿನ ಪೊರೆಯ ಹಾಗೆ. ಸಿಲಿಕೋನ್ ಬಳಿದರೆ ಸಾಕು ಅನ್ನುವವರ ಮಾತು ಕೇಳಬೇಡಿ. ನಮ್ಮ ಬಿಸಿಲಿಗೆ ಅದು ಬಹಳ ದಿನ ಬಾಳುವುದಿಲ್ಲ. ತಗಡಿನ ಮಡಿಕೆಯೇ ನೀರನ್ನು ತಡೆಯಬೇಕು.

ಮುಖದ 12 ಅಡಿಯಲ್ಲಿ ನಡುವಿನ 6 ಅಡಿಗೆ ಬೆಳಕು ಬಿಡುವ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಹಾಳೆ, ಎರಡೂ ಪಕ್ಕ ಮೂರು ಮೂರು ಅಡಿ ತಗಡಿನ ಪಟ್ಟಿಗಳ ಜಾಲರಿ, ಹಿಂದೆ ಪಾರಿವಾಳ ಬರದಂತೆ ಅರ್ಧ ಇಂಚಿನ ಮೆಶ್. ಪಾಲಿಕಾರ್ಬೊನೇಟ್ ಬಿಸಿಲಿಗೆ ಉಕ್ಕಿಗಿಂತ ಐದು ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ. 6 ಅಡಿ ಹಾಳೆ 40 ಡಿಗ್ರಿ ಏರಿಳಿತಕ್ಕೆ 5 ಮಿ.ಮೀ. ಹತ್ತಿರ ಅತ್ತಿತ್ತ ಆಡುತ್ತದೆ. ಸ್ಕ್ರೂ ತೂತು ಬಿಗಿಯಾಗಿದ್ದರೆ ಒಂದೇ ಬೇಸಿಗೆಯಲ್ಲಿ ಸೀಳುತ್ತದೆ. ತೂತು ದೊಡ್ಡದು ಮಾಡಿ ಅಗಲ ವಾಷರ್ ಹಾಕಿದೆವು. ಹಾಳೆಯ ಒಂದೇ ಮೈಗೆ ಬಿಸಿಲು ತಡೆಯುವ ಲೇಪ ಇರುತ್ತದೆ, ಆ ಮೈ ಹೊರಗೆ ಬರಬೇಕು. ಒಂದು ಹಾಳೆ ತಿರುವುಮುರುವು ಕೂತಿತ್ತು, ಬಿಚ್ಚಿಸಿ ಹಾಕಿಸಿದೆ.

ಬಡಗಣಕ್ಕೆ ಮುಖ ಇಟ್ಟದ್ದು ನೇರ ಬಿಸಿಲು ಬೀಳದಿರಲಿ ಅಂತ. ವರ್ಷದ ಬಹುಪಾಲು ಅದು ಸರಿ. ಆದರೆ ನಾವಿರುವ ಕಡೆ ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದ ತನಕ ನಡುಹಗಲಲ್ಲೂ ಸೂರ್ಯ ನೆತ್ತಿಯಿಂದ ಸ್ವಲ್ಪ ಬಡಗಕ್ಕೇ ಇರುತ್ತಾನೆ. ನಡುಹಗಲ ಬಿಸಿಲನ್ನು ಒಂದೂವರೆ ಅಡಿ ಸೂರು ತಡೆಯಿತು. ಜೂನ್ ಸಂಜೆಯ ಬಿಸಿಲು ಮಾತ್ರ ವಾಯವ್ಯದಿಂದ ಓರೆಯಾಗಿ ಒಳಗೆ ಬಂದು ಪೂರ್ವದ ಚೀಲಗಳ ಮೇಲೆ ಬೀಳುತ್ತಿತ್ತು. ಅದಕ್ಕೆ ಬೇರೆ ದಾರಿ ಸಿಗಲಿಲ್ಲ, ಆ ಮೂರು ತಿಂಗಳು ಒಳಗೊಂದು ಹಸಿರು ನೆಟ್ ಕಟ್ಟುತ್ತಾರೆ.

ಗಾಳಿ ಎಳೆಯಲಿಲ್ಲ

ಏಪ್ರಿಲ್ ಕೊನೆಗೆ ಎಲ್ಲ ಮುಗಿಯಿತು. ಬೆಳಕು ಚೆನ್ನಾಗಿ ಬಂತು. ಆದರೆ ಶಾಖ ಇಳಿಯಲಿಲ್ಲ! ಮಾವ ಎರಡು ದಿನ ನೋಡಿ ಫೋನ್ ಮಾಡಿದರು. ನಾನೇ ಯೋಚಿಸದೆ ಬಿಟ್ಟ ವಿಷಯ ಇದು. ಬಿಸಿ ಗಾಳಿ ಮೇಲಿನಿಂದ ಹೊರಗೆ ಹೋಗಬೇಕಾದರೆ ಕೆಳಗಿನಿಂದ ಅಷ್ಟೇ ಗಾಳಿ ಒಳಗೆ ಬರಬೇಕು. ಷಟರ್ ಎಳೆದರೆ ಶೆಡ್ ಮುಚ್ಚಿದ ಡಬ್ಬಿ. ತೆಂಕಣ ಗೋಡೆಯಲ್ಲಿ ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಆರು ಕಿಂಡಿ ಒಡೆಸಿದೆವು, ಇಲಿ ಬರದಂತೆ ದಪ್ಪ ಮೆಶ್ ಹಾಕಿ. ಅವತ್ತು ಸಂಜೆ ಬೆಳಕಿಂಡಿಯ ಜಾಲರಿಯ ಹತ್ತಿರ ಊದುಬತ್ತಿ ಹಿಡಿದು ನೋಡಿದೆ, ಹೊಗೆ ಸರಸರನೆ ಹೊರಗೆ ಹೋಯಿತು.

ಮಳೆಗಾಲಕ್ಕೆ ಜಾಲರಿ ಮುಚ್ಚುವಂತೆಯೂ ಇರಬೇಕು. ಒಣಗಿಸಿದ ಭತ್ತ ತೇವದ ಗಾಳಿಯಿಂದ ಮತ್ತೆ ತೇವ ಹೀರುತ್ತದೆ, ಶೇ 14 ದಾಟಿದರೆ ಬೂಸ್ಟು, ಹುಳು. ಜಾಲರಿಯ ಹಿಂದೆ ಮೇಲಿನಿಂದ ಇಳಿಬಿದ್ದ ತಗಡಿನ ರೆಕ್ಕೆ ಇದೆ, ಕೆಳಗಿನಿಂದ ಹಗ್ಗ ಎಳೆದರೆ ತೆರೆಯುತ್ತದೆ, ಬಿಟ್ಟರೆ ತನ್ನ ಭಾರಕ್ಕೆ ಮುಚ್ಚಿಕೊಳ್ಳುತ್ತದೆ. ಗಾಳಿ ಎದ್ದಾಗ ಯಾರಾದರೂ ಓಡಿ ಹೋಗಿ ಹಗ್ಗ ಬಿಟ್ಟರೆ ಸಾಕು.

ಮೇ ತಿಂಗಳ ಎರಡು ಗಾಳಿ ಕಳೆದವು. ಒಂದು ಸ್ಕ್ರೂ ಕೂಡ ಸಡಿಲಾಗಿಲ್ಲ, ನಾನೇ ಹತ್ತಿ ನೋಡಿದೆ. 12 ಅಡಿಯ ಟ್ರಸ್‌ಗೆ ತಗಡು ಏರಿದ ಮೇಲೆ ಮತ್ತೆ ದಾರ ಹಿಡಿದೆ, ಪಕ್ಕದವುಗಳಷ್ಟೇ ಇತ್ತು.

ಅಕ್ಟೋಬರ್ ಮಳೆಗೆ ಒಂದು ಕಡೆ ತೊಟ್ಟಿಕ್ಕಿತು. ನೆತ್ತಿಯಲ್ಲಿ, 24 ಅಡಿಯ ಟ್ರಸ್ ಮೇಲೆ. ದೊಡ್ಡ ಮಾಡಿನ ಎರಡೂ ಕಡೆ ಒಂದೇ ಇಳಿಜಾರು ಇರುವುದರಿಂದ ಅಲ್ಲಿನ ನೆತ್ತಿಯ ಕ್ಯಾಪ್ 143 ಡಿಗ್ರಿ ಬಾಗಿರುತ್ತದೆ. ಬೆಳಕಿಂಡಿಯ ಮೇಲೆ ಒಂದು ಕಡೆ ಇಳಿಜಾರು ಕಡಿಮೆ, ಅಲ್ಲಿ 152 ಡಿಗ್ರಿ ಬೇಕು, ಅದನ್ನು ಗಂಗಾವತಿಯಲ್ಲಿ ಬೇರೆಯಾಗಿ ಬಾಗಿಸಿ ತಂದಿದ್ದೆವು. ಈ ಎರಡು ಕ್ಯಾಪ್ ಒಂದರ ಮೇಲೊಂದು ಬರುವ ಕಡೆ ಬಡಗಣ ರೆಕ್ಕೆ ಸರಿಯಾಗಿ ಕೂರುವುದಿಲ್ಲ, ಬೆರಳು ತೂರುವಷ್ಟು ಬಾಯಿ ಬಿಡುತ್ತದೆ. ಬಡಗಣದಿಂದ ಓರೆ ಮಳೆ ಬಂದರೆ ನೀರು ಅಲ್ಲಿ ಒಳಗೆ ಹೋಗುತ್ತದೆ. ಮೇಲೆ ಒಂದೂವರೆ ಅಡಿ ಉದ್ದದ ಇನ್ನೊಂದು ತುಂಡು ಕ್ಯಾಪ್, ಆ ತಿರುವಿಗೇ ತಟ್ಟಿ ಕೂರಿಸಿದ್ದು, ಕೆಳಗೆ ರಬ್ಬರ್ ಪಟ್ಟಿ ಸಮೇತ ಹಾಕಬೇಕು. ನಾಲ್ಕು ಜಾಗಕ್ಕೂ ಅಳತೆ ತೆಗೆದುಕೊಂಡು ಬಂದಿದ್ದೇನೆ. ಭತ್ತ ಕೊಯ್ಲಿಗೆ ಬರುವ ಮುಂಚೆ ಮೇಸ್ತ್ರಿಯೂ ನಾನೂ ಹೋಗಿ ಹಾಕುತ್ತೇವೆ, ಅಲ್ಲಿಯ ತನಕ 24 ಅಡಿಯ ಟ್ರಸ್ ಕೆಳಗೆ ಚೀಲ ಇಡಬೇಡಿ ಅಂತ ಮಾವನಿಗೆ ಹೇಳಿದ್ದೇನೆ.